ಮುಖ್ಯ ಸದಸ್ಯರಿಗೆ ತಿಳಿಸಲಾಗಿದೆ

ಖಾಸಗಿ ಆರೋಗ್ಯ ವಿಮಾ ಸಂಸ್ಥೆಯೊಂದರ ಕುಟುಂಬ ಪಾಲಿಸಿ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಬರುವ ಗುರುವಾರ ಬೆಳಿಗ್ಗೆ ಹತ್ತೂವರೆಗೆ, ನಿಮ್ಮ ಪಟ್ಟಿಯಲ್ಲಿರುವ ಕ್ಲಿನಿಕ್ಕೊಂದರಲ್ಲಿ, ಒಬ್ಬ ಹೆಣ್ಣುಮಗಳ ತೋಳಿನೊಳಗಿಂದ ಬೆಂಕಿಕಡ್ಡಿಯಷ್ಟುದ್ದದ ಗರ್ಭನಿರೋಧಕ ಕಡ್ಡಿಯೊಂದನ್ನು ತೆಗೆಯಲಿದ್ದಾರೆ. ಆ ಅಪಾಯಿಂಟ್‌ಮೆಂಟ್ ಮಾಡಿದವನು ಅವಳ ಗಂಡ. ಅವನ ಫೋನಿನಲ್ಲೇ ಅದನ್ನು ಮಾಡಲು ಬಿಟ್ಟವರು ನೀವು. ತಡೆಯಿರಿ ಎಂದು ಎರಡು ಸಲ ಖಾಸಗಿಯಾಗಿ ಕೇಳಿಯಾಯಿತು. ಈಗ ಈ ಬಹಿರಂಗ ಪತ್ರದಲ್ಲಿ, ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ನಾನು ಹೌನ್ಸ್ಲೋದ ಒಂದು ಜಿಪಿ ಸರ್ಜರಿಯಲ್ಲಿ, ಅಂದರೆ ಬಡಾವಣೆಯ ಸರ್ಕಾರಿ ಡಾಕ್ಟರ ಚಿಕಿತ್ಸಾಲಯದಲ್ಲಿ, ಹನ್ನೊಂದು ವರ್ಷದಿಂದ ರಿಸೆಪ್ಷನ್ ಕೌಂಟರಿನಲ್ಲಿ ಕೂರುವವಳು. ಆ ಹೆಣ್ಣುಮಗಳನ್ನು ಸ್ಫೂರ್ತಿ ಎನ್ನೋಣ, ಗಂಡನನ್ನು ಯಶಸ್ ಎನ್ನೋಣ. ಎರಡೂ ನಿಜವಾದ ಹೆಸರಲ್ಲ. ಬೆಂಗಳೂರಿನವರು. ಅವನು ಐಟಿ ಕಂಪನಿಯ ವೀಸಾದ ಮೇಲೆ ಬಂದ, ಅವಳು ಅವನ ವೀಸಾದ ಮೇಲೆ ಬಂದಳು. ಕಂಪನಿ ಕೊಟ್ಟ ನಿಮ್ಮ ಪಾಲಿಸಿಯಲ್ಲೂ ಹಾಗೆಯೇ: ಅವನು ಮುಖ್ಯ ಸದಸ್ಯ, ಅವಳು ಅವಲಂಬಿತೆ. ಮೂರು ವರ್ಷದ ಹಿಂದೆ ಹೆರಿಗೆಯಾದ ವಾರದಲ್ಲೇ ಅವಳ ಹೃದಯ ಸೋತಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಮತ್ತೊಮ್ಮೆ ಬಸುರಾದರೆ ಜೀವಕ್ಕೇ ಅಪಾಯವಾಗಬಹುದೆಂದು ವೈದ್ಯರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು.

ಕಳೆದ ವರ್ಷ ನೀವು ಗರ್ಭನಿರೋಧಕಗಳನ್ನೂ ವಿಮೆಗೆ ಸೇರಿಸಿದ್ದೇವೆ ಎಂದು ಪ್ರಕಟಿಸಿದಾಗ ನಮ್ಮ ಕನ್ನಡ ಕೂಟದಲ್ಲಿ ಅದೇ ಮಾತು. ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡೇ ನಾರಾಯಣಸ್ವಾಮಿಯವರು ರೇಗಿದರು: "ಇದನ್ನೆಲ್ಲ ಯಾಕ್ರೀ ವಿಮೆಗೆ ಸೇರಿಸ್ಬೇಕು? ಕಾಯಿಲೆನಾ ಇದು? ಅಷ್ಟಕ್ಕೂ ಸರ್ಕಾರದ ಎನ್‌ಎಚ್‌ಎಸ್‌ನಲ್ಲಿ ಪುಕ್ಕಟೆ ಕೊಡ್ತಾರಲ್ಲ!" ನಾನು ಬಿಡಲಿಲ್ಲ. "ಕೊಡೋದು ಬೇರೆ ಸ್ವಾಮಿ, ಹೆಂಗಸು ಹೋಗಿ ಕೇಳೋದು ಬೇರೆ. ಇನ್ನೊಂದು ಬಾಗಿಲಿದ್ರೆ ನಿಮಗೇನು ಕಷ್ಟ?" ಎಂದೆ. ಅಂದು ನಿಮ್ಮ ಪರವಾಗಿ ಅರ್ಧ ಗಂಟೆ ವಾದಿಸಿದೆ. ಆ ಬಾಗಿಲು ಎಲ್ಲಿಗೆ ತೆರೆಯುತ್ತದೆ ಎಂದು ನೋಡದೆ ವಾದಿಸಿದ ನನ್ನ ಜಾಣತನಕ್ಕೆ ಏನೆನ್ನಲಿ?

ಪುಕ್ಕಟೆ ಸಿಗುವಾಗ ಅವಳು ನಿಮ್ಮಲ್ಲಿಗೇಕೆ ಬಂದಳು ಎಂದು ನೀವು ಕೇಳಬಹುದು. ಅದರ ಉತ್ತರ ನನಗೆ ಚೆನ್ನಾಗಿ ಗೊತ್ತು, ಹೇಳಲು ನಾಚಿಕೆಯಾಗುತ್ತದೆ. ಅವಳು ಮೊದಲು ನಮ್ಮ ಸರ್ಜರಿಗೇ ಬಂದಿದ್ದಳು. ಸರದಿಯಲ್ಲಿ ನಿಂತಿದ್ದವಳು ಕೌಂಟರಿನಲ್ಲಿ ನನ್ನ ಮುಖ ಕಂಡು ತಬ್ಬಿಬ್ಬಾದಳು. "ಏನಿಲ್ಲ ಆಂಟಿ, ಪಾಪುಗೆ ಇಂಜೆಕ್ಷನ್ ಡೇಟ್ ಕೇಳೋಣ ಅಂತ ಬಂದೆ" ಎಂದಳು. ಊರಿನ ಹುಡುಗಿ ಕಂಡ ಸಂತೋಷ ನನಗೆ. ಡೇಟ್ ಬರೆದುಕೊಟ್ಟು, ಹಿಂದೆ ಇಬ್ಬರು ನಿಂತಿರುವಂತೆಯೇ, ನಗುತ್ತಾ ಕೇಳಿದೆ: "ಮತ್ತೆ, ಎರಡನೇದು ಯಾವಾಗಮ್ಮ?" ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳೂ ನಕ್ಕಳು, ಚೀಟಿ ಮಡಚಿಕೊಂಡು ಹೋದಳು. ಮದುವೆ ಮನೆಯಲ್ಲಿ, ನಾಮಕರಣದಲ್ಲಿ ನಾವೆಲ್ಲ ಲೋಕಾಭಿರಾಮವಾಗಿ ಎಸೆಯುವ ಪ್ರಶ್ನೆ ಅದು. ನಾನು ಅದನ್ನು ಎಸೆದದ್ದು ವೈದ್ಯರ ಬಾಗಿಲಲ್ಲಿ ಕೂತು. ಕೂಟದ ಆಂಟಿಗೆ ಗೊತ್ತಾದರೆ ಹೌನ್ಸ್ಲೋದಿಂದ ಕ್ರೋಯ್ಡನ್‌ವರೆಗೆ ಸುದ್ದಿಯಾಗುತ್ತದೆ, ಕಂಪನಿಯ ವಿಮೆಯಾದರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡು ಅವಳು ನಿಮ್ಮ ಆ್ಯಪ್ ತೆರೆದಳು. ನಮ್ಮ ಕೌಂಟರಿನ ಈಚೆಗೆ ಬಂದ ಮಾತು ಯಾವ ಕೂಟಕ್ಕೂ ಹೋಗುವುದಿಲ್ಲ, ಹೋದರೆ ನನ್ನ ಕೆಲಸವೇ ಹೋಗುತ್ತದೆ ಎಂದು ಅವಳಿಗೆ ಹೇಳಬೇಕಾದವಳು ನಾನೇ ಆಗಿದ್ದೆ.

ಗುಟ್ಟು ನಿಮ್ಮಲ್ಲಿ ಎಷ್ಟು ದಿನ ಉಳಿಯಿತು? ಒಂಬತ್ತು ದಿನ. ಕಡ್ಡಿ ಹಾಕಿಸಿಕೊಂಡ ಹತ್ತನೆಯ ದಿನ ಯಶಸ್‌ನ ಇಮೇಲಿಗೆ ನಿಮ್ಮ ವಿವರಪಟ್ಟಿ ಹೋಯಿತು. ಸದಸ್ಯೆಯ ಹೆಸರು, ಕ್ಲಿನಿಕ್ಕಿನ ಹೆಸರು, "ಗರ್ಭನಿರೋಧಕ ಕಡ್ಡಿ ಅಳವಡಿಕೆ", "ಪರಿಣಾಮ ಮೂರು ವರ್ಷ". ಅಚ್ಚುಕಟ್ಟಾದ ಕೋಷ್ಟಕವಂತೆ, ಕೆಳಗೆ ನಗುವ ಕುಟುಂಬದ ಚಿತ್ರವಂತೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ ಅಲ್ಲವೇ?

ಯಶಸ್ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು ಎನ್ನುತ್ತಾಳೆ ಸ್ಫೂರ್ತಿ. ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, "ನನಗೆ ಹೇಳ್ದೇನೇ ಮಾಡಿದ್ಯಲ್ಲ" ಎಂದಷ್ಟೇ ಹೇಳಿದನಂತೆ. ಮುಂದಿನ ತಿಂಗಳು ಅವನ ತಾಯಿ ಆರು ತಿಂಗಳ ವೀಸಾದ ಮೇಲೆ ಬಂದರು. ಸ್ಫೂರ್ತಿಯ ಹೃದಯದ ಈಚಿನ ಎಕೋ ಪರೀಕ್ಷೆ ಪರವಾಗಿಲ್ಲ ಎಂದು ಬಂದಿದೆ. ಅದನ್ನೇ ಹಿಡಿದುಕೊಂಡು ಅವರು, "ಈಗ ಎಲ್ಲ ನಾರ್ಮಲ್ ಇದೆಯಲ್ಲ, ಇಲ್ಲಿನ ಡಾಕ್ಟ್ರುಗಳು ಸುಮ್ನೆ ಹೆದರಿಸ್ತಾರೆ" ಎನ್ನುತ್ತಾರೆ. ಯಂತ್ರದ ವರದಿಯಲ್ಲಿ ಸರಿಕಂಡ ಹೃದಯ ಇನ್ನೊಂದು ಬಸಿರಿನಲ್ಲಿ ಮತ್ತೆ ಸೋಲಬಹುದು ಎಂದು ವೈದ್ಯರು ಬರೆದುಕೊಟ್ಟ ಹಾಳೆ ಅದೇ ಮನೆಯ ಕಪಾಟಿನಲ್ಲಿದೆ. ಯಾರೂ ತೆಗೆದು ಓದುವುದಿಲ್ಲ.

"ಬೇಡ ಅಂದರಾಯಿತು, ಬಲವಂತವಾಗಿ ಯಾರು ತೆಗೆಯುತ್ತಾರೆ?" ಎಂದು ನೀವು ಕೇಳುವಿರಿ. ಕ್ಲಿನಿಕ್ಕಿನ ನರ್ಸ್ ಕೇಳುತ್ತಾಳೆ, ನಿಜ. ನಿಮ್ಮವರೂ ಕಳೆದ ವಾರದ ಸೋಮವಾರ ಫೋನು ಮಾಡಿ ಕೇಳಿದರು, ಮೆಚ್ಚಿದೆ. ಯಾವ ನಂಬರಿಗೆ? ಮುಖ್ಯ ಸದಸ್ಯರ ನಂಬರಿಗೆ. ಅವನು ಸ್ಪೀಕರ್ ಹಾಕಿ ಊಟದ ಮೇಜಿನ ಮೇಲಿಟ್ಟ. ಒಂದು ಕಡೆ ಗಂಡ, ಒಂದು ಕಡೆ ಅತ್ತೆ, ಮಡಿಲಲ್ಲಿ ಮಗಳು. "ನಿಮಗೆ ಒಪ್ಪಿಗೆಯೇ?" ಎಂದಿರಿ. ಅವಳು ಹೂಂ ಎಂದಳು. ಒಪ್ಪದಿದ್ದರೆ ಊರಿಗೆ ಟಿಕೆಟ್ ತೆಗೆಯುತ್ತೇನೆ, ಮಗು ಇಲ್ಲೇ ಇರಲಿ ಎಂದು ಹಿಂದಿನ ದಿನವೇ ಅವನು ಹೇಳಿದ್ದ. ಅದು ನಿಮ್ಮ ರೆಕಾರ್ಡಿಂಗಿನಲ್ಲಿ ಇರಲಿಕ್ಕಿಲ್ಲ. ನಿಮ್ಮ ಕಡತದಲ್ಲಿರುವುದು ಅವಳ ಹೂಂ ಒಂದೇ.

ಮರುದಿನ ಮಗುವಿಗೆ ಕೆಮ್ಮೆಂದು ನೆಪ ಹೇಳಿ ಸ್ಫೂರ್ತಿ ನಮ್ಮ ಸರ್ಜರಿಗೆ ಬಂದಳು. ಈ ಸಲ ನೇರವಾಗಿ ನನ್ನ ಹತ್ತಿರವೇ ಬಂದು, "ಆಂಟಿ, ಡಾಕ್ಟರ್ ಹತ್ರ ಒಬ್ಬಳೇ ಮಾತಾಡ್ಬೇಕು" ಎಂದಳು. ನಾನು ಮಗುವನ್ನು ಎತ್ತಿಕೊಂಡೆ, ಏನೂ ಕೇಳಲಿಲ್ಲ. ಆಮೇಲೆ ಅವಳಾಗಿಯೇ ಎಲ್ಲವನ್ನೂ ಹೇಳಿದಳು. ನಮ್ಮ ವೈದ್ಯೆ ಅವಳ ಸಹಿಯೊಂದಿಗೆ ಅಂದೇ ನಿಮಗೆ ಬರೆದರು, ಉತ್ತರ ಬಾರದಿದ್ದಾಗ ಮತ್ತೆ ಬರೆದರು. ಕೊನೆಗೆ ಬಂದ ನಿಮ್ಮ ಉತ್ತರ ಎರಡೇ ಸಾಲು: ಪಾಲಿಸಿಗೆ ಸಂಬಂಧಿಸಿದ ಬದಲಾವಣೆಗಳನ್ನು ಮುಖ್ಯ ಸದಸ್ಯರೊಂದಿಗೆ ಮಾತ್ರ ಚರ್ಚಿಸಲಾಗುವುದು; ಗೋಪ್ಯತೆಯ ನಿಯಮಗಳ ಕಾರಣ ಸಹಕರಿಸಿ. ಗೋಪ್ಯತೆ! ಹೆಂಡತಿಯ ತೋಳಿನೊಳಗಿನ ಗುಟ್ಟನ್ನು ಗಂಡನಿಗೆ ತಲುಪಿಸಿದ ಕಚೇರಿಗೆ, ಅವಳ ವೈದ್ಯೆಯ ಎದುರು ಮಾತ್ರ ಗೋಪ್ಯತೆ ನೆನಪಾಯಿತೇ?

ವಿಮೆಯಲ್ಲಿ ಇದು ಇರಬೇಕೇ ಬೇಡವೇ ಎಂದು ದೊಡ್ಡವರು ಚರ್ಚಿಸುತ್ತಲೇ ಇರಲಿ. ಇರಲಿ ಎನ್ನುವವಳೇ ನಾನು, ಇವತ್ತಿಗೂ. ಆದರೆ ಹೆಣ್ಣಿಗೆ ಕೊಟ್ಟ ಸೌಲಭ್ಯದ ಬೀಗದ ಕೈ ಇನ್ನೊಬ್ಬರ ಜೇಬಿನಲ್ಲಿದ್ದರೆ ಅವಳಿಗೆ ಸಿಕ್ಕಿದ್ದೇನು? ನಿಮ್ಮ ಪಟ್ಟಿಯಲ್ಲಿ ಇನ್ನೆಷ್ಟು ಅವಲಂಬಿತೆಯರಿದ್ದಾರೆ? ಇಂದು ಎಷ್ಟು ಮನೆಗಳಿಗೆ ಆ ಅಚ್ಚುಕಟ್ಟಾದ ಕೋಷ್ಟಕ ಹೊರಟಿದೆ? ಇದನ್ನು ನೆನೆದರೆ ನನಗೆ ಭಯವಾಗುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಗುರುವಾರದ ಅಪಾಯಿಂಟ್‌ಮೆಂಟನ್ನು ನಿಮ್ಮ ಕಡೆಯಿಂದಲೇ, ನಿಮ್ಮ ಹೆಸರಿನಲ್ಲೇ ರದ್ದು ಮಾಡಿ. ದೂರು ಅವಳ ತಲೆಗೆ ಬರಬಾರದು. ನಮ್ಮ ಸರ್ಜರಿಯ ಕೋಣೆಯೊಂದರಲ್ಲಿ, ಬಾಗಿಲು ಹಾಕಿಕೊಂಡು, ಅವಳೊಬ್ಬಳನ್ನೇ ಕೇಳಿ. ವಯಸ್ಕ ಹೆಂಗಸಿನ ವಿವರ ಅವಳಿಗೆ ಬಿಟ್ಟು ಯಾರಿಗೂ ಹೋಗದಂತೆ ನಿಯಮ ಬದಲಿಸಿ. ಈ ಪತ್ರವನ್ನು ಸ್ಫೂರ್ತಿ ನನ್ನ ಫೋನಿನಲ್ಲಿ ಪೂರ್ತಿ ಓದಿ ಎರಡು ಸಾಲು ಹೊಡೆದು ಹಾಕಿದ್ದಾಳೆ. "ಮನೇಲಿ ಗುರುತು ಹಿಡಿದ್ರೆ?" ಎಂದು ಕೇಳಿದೆ. "ಗುರುವಾರಕ್ಕಿಂತ ಅದೇನು ದೊಡ್ಡದಲ್ಲ ಆಂಟಿ, ಹಾಕಿ" ಎಂದಳು.

ಇಷ್ಟು ಬರೆದು ಮುಗಿಸುವಾಗ ಅವಳಿಂದ ಒಂದು ಫೋಟೊ ಬಂತು. ಇಂದು ಬೆಳಿಗ್ಗೆ ನೀವು ಯಶಸ್‌ಗೆ ಕಳಿಸಿದ ಮೇಲ್: "ತಾವು ಕೋರಿದಂತೆ ತಮ್ಮ ಪತ್ನಿಯ ಹೆಸರಿಗೆ ಹೆರಿಗೆ ಸೌಲಭ್ಯವನ್ನು ಸೇರಿಸಲಾಗಿದೆ. ಶುಕ್ರವಾರದಿಂದ ಜಾರಿ. ಬೆಳೆಯಲಿರುವ ತಮ್ಮ ಕುಟುಂಬಕ್ಕೆ ಅಭಿನಂದನೆಗಳು."

ಇಂತಿ,
ತಮ್ಮ ಯಾವ ಪಾಲಿಸಿಯಲ್ಲೂ ಯಾರೂ ಅಲ್ಲದ,
ಕಾಮಾಕ್ಷಿ
ಹೌನ್ಸ್ಲೋ, ಮಂಗಳವಾರ