ಅರವತ್ತೆರಡನೇ ಇಸವಿಯ ಹಾಳೆ

ಚಾಮರಾಜಪೇಟೆ
4-11-2024, ಸೋಮವಾರ

ಮಂಗಳಕ್ಕನಿಗೆ ನಿನ್ನ ಯಮುನಾಳ ನಮಸ್ಕಾರ.

ಕ್ಷೇಮ ಅಂತ ಬರೆಯಲು ಕೈ ಬರುತ್ತಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಬಾಯಿ ಕಟ್ಟಿಹೋಗುತ್ತದೆ, ಅದಕ್ಕೇ ಕಾಗದ. ಏಳನೇ ಕ್ಲಾಸಿಗೇ ಬಿಟ್ಟವಳ ಬರವಣಿಗೆ, ತಿದ್ದಿಕೊಂಡು ಓದು.

ನಿಮ್ಮ ಟ್ರಸ್ಟಿನ ಮುಚ್ಚಿಹೋದ ಶಾಲೆಯ ಮೈಕ್ರೋಫಿಷ್ ಹಾಳೆಗಳಲ್ಲಿ ಮುನ್ನೂರ ಹನ್ನೆರಡನ್ನು ಕಂಪ್ಯೂಟರಿಗೆ ಹತ್ತಿಸಿದ್ದೇನೆ. ನೀನು ಎಸ್.ಪಿ. ರೋಡಿನಲ್ಲಿ ಕೊಡಿಸಿದ ಹಳೇ ಸ್ಕ್ಯಾನರು ಚೆನ್ನಾಗೇ ಇದೆ. ಅಂಗೈಯಗಲದ ಫಿಲ್ಮು, ಒಂದೊಂದರಲ್ಲೂ ದಾಖಲಾತಿ ಪುಸ್ತಕದ ಅರವತ್ತು ಪುಟ, ಸಾಸಿವೆಗಿಂತ ಸಣ್ಣ ಅಕ್ಷರ. ಸ್ಕ್ಯಾನರಿನ ದೀಪ ಹತ್ತಿದ ಮೇಲೆ ಉಸಿರು ಬಿಗಿಹಿಡಿದೇ ಕೂತಿರುತ್ತೇನೆ, ಎಲ್ಲಿ ಅಲುಗುತ್ತದೋ ಅಂತ.

ಅಕ್ಕಾ, ಮೂಲ ಪುಸ್ತಕಗಳನ್ನು ಗೆದ್ದಲು ತಿಂದಿತು ಅಂದಿದ್ದೆಯಲ್ಲ, ಒಂದೂ ಉಳಿದಿಲ್ಲವೇ? ಆಫೀಸಿನ ಬೀರುವಿನಲ್ಲಿ ಫಿಲ್ಮಿನ ಇನ್ನೊಂದು ಪ್ರತಿ ಇದೆಯೇ? ಒಂದು ಸಲ ನೋಡು. ಎರಡು ಸಲ ನೋಡು.

ಯಾಕೆ ಅಂದರೆ ಲಕ್ಕಮ್ಮನವರು. ನೀನೇ ಕಳಿಸಿದ್ದೆ. ಎರಡು ವರ್ಷ ಆ ಶಾಲೆಗೆ ಹೋದವರು, ಈಗ ಓದು ಪೂರ್ತಿ ಮರೆತಿದ್ದಾರೆ. ಆಧಾರ್ ಮಾಡಿಸುವಾಗ ಗಂಡ ಬಾಯಿಗೆ ಬಂದ ವರ್ಷ ಹೇಳಿ, ಹತ್ತು ವರ್ಷ ಚಿಕ್ಕವರಾಗಿಬಿಟ್ಟಿದ್ದಾರೆ. ಶಾಲೆಯ ಪುಟ ಸಿಕ್ಕರೇ ವಯಸ್ಸು ಸರಿಯಾಗುವುದು, ಪಿಂಚಣಿ ಬರುವುದು. ದಿನಾ ಬೆಳಿಗ್ಗೆ ಬಂದು ನಮ್ಮ ಮೆಟ್ಟಿಲ ಮೇಲೆ ಕೂರುತ್ತಾರೆ. "ಏನ್ ತಾಯಿ, ನಾನಿನ್ನೂ ಹುಟ್ಟಿಲ್ವಾ?" ಅಂತ ನಗುತ್ತಾರೆ. ಮಿಷನ್ ಕೆಟ್ಟಿದೆ ಅಂದೆ. ಆಮೇಲೆ ಕರೆಂಟಿಲ್ಲ ಅಂದೆ. ತಲೆಯ ಮೇಲೇ ಬಲ್ಬು ಉರಿಯುತ್ತಿತ್ತು. ಅವರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು.

ಈಗ ಒಳಗಿನಿಂದ ಚಿಲಕ ಹಾಕಿಕೊಂಡಿರುತ್ತೇನೆ. ಒಂದೇ ಬಾಗಿಲಿನ ಮನೆ. ಅವರು ಎದ್ದುಹೋಗುವವರೆಗೆ ನಲ್ಲಿ ತಿರುಗಿಸುವುದಿಲ್ಲ, ಕುಕ್ಕರ್ ಇಡುವುದಿಲ್ಲ. ಸದ್ದಾದರೆ ಇದ್ದೇನೆ ಅಂತ ಗೊತ್ತಾಗುತ್ತದಲ್ಲ.

ಹೇಳಿಬಿಡುತ್ತೇನೆ. ಆಯುಧಪೂಜೆಯ ದಿನ ಸ್ಕ್ಯಾನರಿಗೆ ಹೂ ಇಟ್ಟು, ಬಾಕಿಯಿದ್ದ ಹಾಳೆಗಳ ಕಟ್ಟಿಗೂ ಅರಿಶಿನ ಕುಂಕುಮ ಹಚ್ಚಿದೆ. ಅನ್ನ ಕೊಡುವ ಸಾಮಾನು, ಬಿಟ್ಟರೆ ಹೇಗೆ ಅಂತ. ಮಾರನೆಯ ದಿನ ಮೇಲಿನ ಹಾಳೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಕುಂಕುಮದ ಜೊತೆ ಅಕ್ಷರವೂ ಎದ್ದುಬಂತು. ಗಾಬರಿಯಲ್ಲಿ ಇನ್ನೂ ಉಜ್ಜಿದೆ. ತಲೆಪಟ್ಟಿಯಲ್ಲಿ 1962 ಅಂತ ಮಾತ್ರ ಉಳಿಯಿತು. ಉಳಿದ ವರ್ಷಗಳನ್ನೆಲ್ಲ ಜಾಲಾಡಿದೆ ಅಕ್ಕಾ, ಲಕ್ಕಮ್ಮ ಅನ್ನುವ ಹೆಸರಿಲ್ಲ.

ಯಾವುದೋ ಒಂದು ತಾರೀಖು ಬರೆದುಕೊಟ್ಟುಬಿಡೋಣ ಅಂತ ನಿನ್ನೆ ಪೆನ್ನು ಹಿಡಿದೆ. ಅದರ ಕೆಳಗೆ ಟ್ರಸ್ಟಿನ ಪರವಾಗಿ ಸಹಿ ಬೀಳುವುದು ನಿನ್ನದು ಅಂತ ಹೊಳೆದು ಕೈಬಿಟ್ಟೆ. ನಿಜ ಹೇಳಲಾರೆ, ಸುಳ್ಳು ಬರೆಯಲಾರೆ, ಆಚೆ ಹೋಗಲಾರೆ.

ಬೈಯಲಿಕ್ಕಾದರೂ ಬಂದುಹೋಗು.

ನಿನ್ನ ಹೆಸರಿಗೆ ಕಳಂಕ ತಂದವಳು,
ಯಮುನಾ

ತಾ.ಕ.: ಅಂಚೆ ಡಬ್ಬದವರೆಗೆ ಹೋಗಬೇಕಾದರೆ ಬಾಗಿಲು ತೆಗೆಯಬೇಕು, ಅವರು ಮೆಟ್ಟಿಲಲ್ಲೇ ಇದ್ದಾರೆ. "ನಿಮ್ಮ ವಿಷಯವೇ ಬರೆದಿದೆ, ಬಸವನಗುಡಿಯ ಟ್ರಸ್ಟಿನ ಆಫೀಸಿಗೆ ತಲುಪಿಸಿ" ಅಂತ ಕಿಟಕಿಯಿಂದ ಅವರ ಕೈಗೇ ಕೊಡುತ್ತಿದ್ದೇನೆ. ನಿನ್ನೆದುರು ನಿಂತಿರುವವರು ಲಕ್ಕಮ್ಮನವರೇ. ಮೊದಲು ಕೂರಿಸು, ಕುಡಿಯಲು ನೀರು ಕೊಡು. ಆಮೇಲೆ ಒಂದಕ್ಷರವೂ ಬಿಡದೆ ಓದಿ ಹೇಳು.