ಬದಲಾಯಿಸಿಕೊಂಡ ಚೀಟಿ

ರುದ್ರ,

ನಿನ್ನ ಸ್ನೇಹದ ಒಟ್ಟು ಖರ್ಚು ಹೇಳುತ್ತೇನೆ: ಒಂದು ಕಾಲೇಜು ಸೀಟು, ಹಾಸ್ಟೆಲಿನ ಧರ್ಮದೂಟ, ‘ನನ್ ಮಗ ಲಾಯರಾಯ್ತಾನೆ’ ಎಂದು ಅವ್ವ ನಮ್ಮೂರು ಮಿಡಿಗೇಶಿಗೆಲ್ಲ ಸಾರಿಬಿಟ್ಟಿದ್ದ ಮಾತು. ಊರಿಗೆ ಹೊರಟ, ಪೆಟ್ರೋಲು ಸಿಗದ ಈ ಯುದ್ಧಕಾಲದ ಇದ್ದಿಲು ಬಸ್ಸು ಮಧುಗಿರಿಯಲ್ಲಿ ಕೆಟ್ಟು ನಿಂತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಅಂಚೆಗೆ ಹಾಕುವುದಿಲ್ಲ.

ಚರ್ಚಾಕೂಟದಲ್ಲಿ ಚೀಟಿ ಎತ್ತಿದಾಗ ‘ಯುದ್ಧಕ್ಕೆ ಮೈಸೂರಿನ ನೆರವು ಬೇಡ’ ಎಂಬ ಪಕ್ಷ ಬಂದದ್ದು ನಿನಗೆ. “ಲೇ ನಂದೀಶ, ನಮ್ಮಪ್ಪ ಪಟೇಲ ಕಣ್ಲಾ. ನಾನಿದ್ನ ಮಾತಾಡಿದ್ರೆ ಪಟೇಲ್ಕೆ ಹೋಯ್ತದೆ. ನಿನ್ ಬಾಯ್ಗೆ ಯಾವ ಕಡೆಯಾದ್ರೇನ್ಲಾ?” ಎಂದು ಗೋಗರೆದೆ. ಹೊಸಕೋಟೆ ಸಂತೆಯಲ್ಲಿ ಕೂಗಿ ಕೂಗಿ ಕಡಲೇಕಾಯಿ ಮಾರಿ ಓದಿದ ಬಾಯಿ ನನ್ನದು, ಚೀಟಿ ಬದಲಾಯಿಸಿಕೊಂಡೆ. ಇಲ್ಲಿ ಯಾರು ಏನು ಬೇಕಾದರೂ ಹೇಳಬಹುದು ಎಂದು ಪ್ರಿನ್ಸಿಪಾಲರೇ ಸಭೆ ಶುರುಮಾಡಿದ್ದರಲ್ಲ.

ಇವತ್ತು ಬೆಳಗ್ಗೆ ನನ್ನ ಭಾಷಣದ ಮೇಲಿನ ವಿಚಾರಣೆಯಲ್ಲಿ ಅವರೇ ಕೇಳಿದರು: “ಈ ಪಕ್ಷ ಚೀಟಿಯಲ್ಲಿ ಬಂತೋ, ನೀನೇ ಆರಿಸಿಕೊಂಡೆಯೋ?” ಬಾಗಿಲ ಬಳಿ ನಿಂತಿದ್ದ ನಿನ್ನ ಮುಖ ನೋಡಿದೆ. ನೀನು ನೆಲ ನೋಡುತ್ತ, “ಅವನೇ ಕೇಳಿ ಈಸ್ಕಂಡ, ಸಾರ್” ಎಂದುಬಿಟ್ಟೆ.

ಅದು ಸುಳ್ಳು ಎನ್ನಲು ನಿಮ್ಮಪ್ಪನ ಹೆಸರು ಎತ್ತಬೇಕಿತ್ತು. ಎತ್ತಲಿಲ್ಲ. ರಾಜದ್ರೋಹಿಗೆ ಇಲ್ಲಿ ಜಾಗವಿಲ್ಲ, ಸಂಜೆಯೊಳಗೆ ಹಾಸ್ಟೆಲು ಖಾಲಿ ಮಾಡು ಎಂದರು. ನಾನು ಆಡಿದ್ದು ನಿನಗಾಗಿ ಬಾಡಿಗೆಗೆ ತಂದ ಮಾತು. ಅದನ್ನು ಪೂರ್ತಿ ನಂಬಿದವರು ಅವರೊಬ್ಬರೇ.

ಇನ್ನು ಲಾಭದ ಲೆಕ್ಕ. ಪ್ರಿನ್ಸಿಪಾಲರಿಗೆ ಸದ್ದಿಲ್ಲದ ಕಾಲೇಜು. ನಿಮ್ಮಪ್ಪನಿಗೆ ಪಟೇಲಿಕೆ. ಯುದ್ಧದ ಪರವಾಗಿ ಮಾತಾಡಿದ ನಿನಗೆ ಮೊದಲ ಬಹುಮಾನದ ಬೆಳ್ಳಿ ಲೋಟ. ನನಗೆ, ಅವತ್ತು ನನ್ನ ಭಾಷಣ ಮುಗಿದಾಗ ಎಲ್ಲರಿಗಿಂತ ಜೋರಾಗಿ ನೀನು ತಟ್ಟಿದ ಚಪ್ಪಾಳೆ.

ನಂದೀಶ್ವರಯ್ಯ