ಮೂಲೆ ಗೋಡೆಯ ಗಾಜು

ಮಾರ್ಚ್ 4, ಬೆಳಿಗ್ಗೆ 6

ಹಾಲು ಬಂತು. ಬಟ್ಟೆ ನೆನೆಸಿದೆ. ಮೂಲೆ ಕೋಣೆಯ ಬಾಗಿಲು ಹಿಡಿಯುತ್ತಿದೆ ಅಂತ ಸೊಸೆಯ ರಾಗ, ಮೂರನೇ ದಿನ.

"ನಿನ್ನ ಕೈಗೆ ಬಲ ಇಲ್ಲ," ಅಂದೆ.

"ನಿಮ್ಮ ಮಗನ ಕೈಗೂ ಇಲ್ಲ ಅತ್ತೆ. ನಿನ್ನೆ ಭುಜ ಕೊಟ್ಟು ತೆಗೆದರು."

ಬಾಯಿಗೆ ಮಾತ್ರ ಬಲ ಇದೆ.

ಕಿಟಕಿ ಕೆಳಗೆ ಬಿರುಕು. ಮೆಟ್ಟಿಲು ಮೆಟ್ಟಿಲಾಗಿ ನೆಲದವರೆಗೂ ಇಳಿದಿದೆ. ಹೋದ ವರ್ಷ ಸುಣ್ಣ ಬಳಿದು ಮುಚ್ಚಿದ್ದೆ. ಈಗ ಕಿರುಬೆರಳು ತೂರುತ್ತದೆ.

ಮಾರ್ಚ್ 6

ಮೇಸ್ತ್ರಿ ಬಂದಿದ್ದ. ಈ ಮನೆಗೆ ಪಾಯ ಹಾಕಿದವನೇ. ನೆಲದ ಮೇಲೆ ಗೋಲಿ ಬಿಟ್ಟ. ತಾನಾಗಿ ಉರುಳಿ ಮೂಲೆ ಸೇರಿತು.

"ಅಮ್ಮಾ, ಬಚ್ಚಲ ನೀರು, ಬಟ್ಟೆ ಒಗೆದ ನೀರು ಎಲ್ಲಿಗೆ ಹೋಗುತ್ತೆ?"

"ಮೊದಲಿನ ಹಾಗೇ. ಪಕ್ಕದ ಹಿತ್ತಲು ಹಾದು ರಸ್ತೆ ಚರಂಡಿಗೆ."

ಸುಳ್ಳು. ಇಲ್ಲಿಯಾದರೂ ಬರೆದಿಡುತ್ತೇನೆ. ಪಕ್ಕದ ಮನೆ ನಮ್ಮವರ ಅಕ್ಕನದು. ಒಂಬತ್ತು ವರ್ಷದ ಹಿಂದೆ, ನಾಲ್ಕು ಜನರ ಮುಂದೆ, "ನಿಮ್ಮ ಮನೆ ಕೊಳೆಯೆಲ್ಲ ನಮ್ಮ ಹಿತ್ತಲಿಗೇ" ಅಂದರು. ಮನೆಯಲ್ಲಿ ಯಾರೂ ಇಲ್ಲದ ದಿನ ನಾನೇ ಆ ಕೊಳವೆಗೆ ಸಿಮೆಂಟು ಬಡಿದೆ. ಕೂಲಿಯವನನ್ನು ಹಿಡಿದು ಗೋಡೆ ಮಗ್ಗುಲಲ್ಲೇ ಗುಂಡಿ ತೋಡಿಸಿದೆ. ಮೇಲೆ ಚಪ್ಪಡಿ, ಅದರ ಮೇಲೆ ಹೂಕುಂಡ. ಅಂದಿನಿಂದ ನೀರೆಲ್ಲ ಅಲ್ಲೇ ಇಂಗುತ್ತಿದೆ. ಅತ್ತಿಗೆಯವರ ಜೊತೆ ಮಾತೂ ನಿಂತಿತು.

ಮೇಸ್ತ್ರಿ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಇಟ್ಟು ಎರಡು ತುದಿಗೂ ಸಿಮೆಂಟು ಮೆತ್ತಿದ. ಹಸಿ ಸಿಮೆಂಟಿನ ಮೇಲೆ ಮೊಳೆಯಿಂದ ತಾರೀಕು ಗೀಚಿದ.

"ಎರಡು ವಾರ ನೋಡೋಣ. ಒಡೆದರೆ ಪಾಯ ಇನ್ನೂ ಕೆಳಗೆ ಕೂರ್ತಾ ಇದೆ ಅಂತ. ಅಗೆದು ನೋಡಲೇಬೇಕು. ಒಡೆಯದಿದ್ರೆ ಹಳೇ ಬಿರುಕು, ಗಾರೆ ಮಾಡಿದ್ರೆ ಸಾಕು."

ಅಲ್ಲಿಯವರೆಗೆ ಮಗುವಿನ ತೊಟ್ಟಿಲು ನಡುಮನೆಗೆ ಬಂತು.

ಮಾರ್ಚ್ 11, ಮಧ್ಯಾಹ್ನ 3

ಗಾಜು ಒಡೆದಿದೆ. ಐದೇ ದಿನ.

ಅಗೆದರೆ ಗುಂಡಿ ಸಿಗುತ್ತದೆ. ಗುಂಡಿ ಸಿಕ್ಕರೆ ನೀರಿಗೆ ಮತ್ತೆ ಆ ಹಿತ್ತಲೇ ಗತಿ. ಅತ್ತಿಗೆಯವರ ಮನೆ ಮುಂದೆ ಹೋಗಿ ನಾನು... ಇಲ್ಲ. ಆಗದು.

ಮಾರ್ಚ್ 12

ಸೊಸೆ ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಳು. ಮಗ ಫ್ಯಾಕ್ಟರಿಯಲ್ಲಿ. ಅಂಗಡಿಯವನ ಹತ್ತಿರ ಗಾಜಿನ ಪಟ್ಟಿ ಕತ್ತರಿಸಿಕೊಂಡು ಬಂದೆ. "ಯಾತಕ್ಕಮ್ಮ?" ಅಂದ. "ನಿನಗ್ಯಾತಕ್ಕೆ?" ಅಂದೆ. ಎರಡು ಹೆಚ್ಚಿಗೆ ತಂದೆ — ಯಾಕೆ ತಂದೆ ಅಂತ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಹಳೆಯದನ್ನು ಕೆತ್ತಿ ಹೊಸದನ್ನು ಮೆತ್ತಿದೆ. ಮೇಸ್ತ್ರಿ ಬರೆಯುವ 6ಕ್ಕೆ ಬಾಲ ಉದ್ದ. ಮೂರು ಸಲ ಅಳಿಸಿ ಅದೇ ಥರ ಗೀಚಿದೆ. ಹೈಸ್ಕೂಲಿನಲ್ಲಿ ನನ್ನ ಅಕ್ಷರಕ್ಕೆ ಬಹುಮಾನ ಬಂದಿತ್ತು.

ಮಾರ್ಚ್ 17

ಅದೂ ಒಡೆಯಿತು. ಇನ್ನೊಂದು ಹಾಕಿದೆ. ಈ ಸಲ 6 ಸರಿ ಬರಲಿಲ್ಲ.

ಮಾರ್ಚ್ 20

ಮೇಸ್ತ್ರಿ ಗಾಜಿನ ಮೇಲೆ ಬೆರಳಾಡಿಸಿದ. ತುಂಬ ಹೊತ್ತು.

"ಬಿರುಕು ಅಗಲ ಆದ ಹಾಗೆ ಕಾಣುತ್ತೆ. ಗಾಜು ಮಾತ್ರ ಗಟ್ಟಿ... ನನ್ನ ಕಣ್ಣೇ ಮಂಜು ಅಮ್ಮಾ. ಗಾಜನ್ನೇ ನಂಬೋಣ."

ಗಾರೆ ಮಾಡಿ ಹೋದ. ಸೊಸೆ ತೊಟ್ಟಿಲನ್ನು ಮತ್ತೆ ಕೋಣೆಗೆ ಎಳೆದಳು.

"ಇನ್ನೂ ನಾಲ್ಕು ದಿನ ಇಲ್ಲೇ ಇರಲಿ," ಅಂದೆ.

"ಯಾಕತ್ತೆ? ಏನೂ ಭಯ ಇಲ್ಲ ಅಂದರಲ್ಲ ಮೇಸ್ತ್ರಿ."

ನಾನು ಅಡುಗೆಮನೆಗೆ ಹೋದೆ.

ಮಾರ್ಚ್ 21

ತೊಟ್ಟಿಲು ಗೋಡೆಯಿಂದ ಎರಡೇ ಗೇಣು. ಅಳೆದೆ. ಯಾರೂ ಇಲ್ಲದಾಗ ಸರಿಸುತ್ತೇನೆ. ಅವಳು ಮತ್ತೆ ಅಲ್ಲೇ ತಂದಿಡುತ್ತಾಳೆ. ಕಿಟಕಿ ಗಾಳಿ ಬೇಕಂತೆ.

ಮಾರ್ಚ್ 29, ಸಂಜೆ

ಬೆಳಿಗ್ಗೆ ಬಾಗಿಲು ಕಚ್ಚಿಕೊಂಡಿತು. ಒಳಗೆ ಸೊಸೆ, ಮಗು. "ಅತ್ತೇ, ಗೋಡೆ ಉದುರ್ತಿದೆ!" ನಾನು ಬರಿಗೈಯಲ್ಲಿ ಬಡಿದೆ. ಮಗ ಕೊಡಲಿಯಿಂದ ಬಾಗಿಲು ಸೀಳಿದ.

ಮಗು ಅವಳ ತೋಳಲ್ಲಿತ್ತು. ತೊಟ್ಟಿಲ ದಿಂಬಿನ ಮೇಲೆ ಮುಷ್ಟಿಗಾತ್ರದ ಗಾರೆ ತುಂಡು. ಸರಿಯಾಗಿ ತಲೆ ಇಡುವ ಜಾಗ.

ಕುಂಡ ಸರಿಸಿ ಗುಂಡಿ ತೋರಿಸಿದೆ. ಕೊಳವೆಯ ಕಥೆ ಹೇಳಿದೆ. ಮಗ ನನ್ನ ಮುಖ ನೋಡಲಿಲ್ಲ. ಗಾಜಿನ ಮಾತು ಬಾಯಿಗೆ ಬರಲಿಲ್ಲ.

ಮಾರ್ಚ್ 30

ಅಗೆದರು. ಮೂಲೆಗಲ್ಲಿನ ಕೆಳಗೆ ಮಣ್ಣೇ ಇಲ್ಲ. ಮೇಸ್ತ್ರಿ ಮೊಣಕೈವರೆಗೆ ಕೈ ತೂರಿಸಿದ. ಸದ್ಯಕ್ಕೆ ಗೋಡೆಗೆ ಜಾಕಿ ಕೊಟ್ಟು ನಿಲ್ಲಿಸಿದ್ದಾರೆ. ಮೊದಲು ನೀರು ತಪ್ಪಿಸಬೇಕು, ಆಮೇಲೆ ಕಾಂಕ್ರೀಟು. ಹಳೇ ಕೊಳವೆ ಬಿಡಿಸಲು ಅತ್ತಿಗೆಯವರ ಹಿತ್ತಲು ಅಗೆಯಬೇಕು.

ಚಪ್ಪಲಿ ಹಾಕಿದೆ, ಬಿಚ್ಚಿದೆ, ಹಾಕಿದೆ... ಅಷ್ಟರಲ್ಲಿ ಸೊಸೆ ಹೋಗಿಯೇ ಬಂದಳು.

"ಅತ್ತೆ, 'ಇದನ್ನೂ ಕೇಳಬೇಕಾ, ಅಗೀರಿ' ಅಂದರು. ಆವತ್ತು ತಮಾಷೆಗೆ ಅಂದಿದ್ದಂತೆ. 'ಅವಳಿಗೆ ನಗೋಕೆ ಯಾವತ್ತು ಬಂದಿತ್ತು' ಅಂತಲೂ ಅಂದರು."

ಒಂಬತ್ತು ವರ್ಷ.

ಮಾರ್ಚ್ 31, ಬೆಳಿಗ್ಗೆ 8

ಮೇಸ್ತ್ರಿ ಹೊರಗೆ ಮಗನ ಜೊತೆ ಮಾತಾಡುತ್ತಿದ್ದಾನೆ. ಕಿಟಕಿಯಿಂದ ಎಲ್ಲ ಕೇಳುತ್ತಿದೆ.

"ಬೇರೆಯವರನ್ನ ಕರೆಸಪ್ಪ. ಒಂದು ಗಾಜು ನೋಡಿ ಹೇಳೋಕೆ ಬರಲಿಲ್ಲ ನನಗೆ. ಮಗು ಹೋಗ್ತಿತ್ತು. ಇನ್ನು ಕರಣೆ ಮುಟ್ಟಲ್ಲ."

ಮಗ ತಡೆಯುತ್ತಿಲ್ಲ. ಅಂದರೆ ಒಪ್ಪಿದ್ದಾನೆ.

ನಲವತ್ತು ವರ್ಷದ ಕಸುಬು ಅವನದು.

ಒಡೆದ ಎರಡೂ ಗಾಜು ನನ್ನ ಪೆಟ್ಟಿಗೆಯಲ್ಲಿದ್ದವು, ಕಾಗದದಲ್ಲಿ ಸುತ್ತಿ. ಎಸೆಯಲು ಆಗಿರಲಿಲ್ಲ. ತೆಗೆದಿದ್ದೇನೆ. ಸೊಸೆ ಮಗುವನ್ನು ಎತ್ತಿಕೊಂಡು ಅಲ್ಲೇ ನಿಂತಿದ್ದಾಳೆ. ಅವಳ ಮುಂದೆಯೇ ಹೇಳಬೇಕು. ಇನ್ನು ಈ ಮನೆಯಲ್ಲಿ ನನ್ನ ಮಾತಿಗೆ... ಇರಲಿ.

ಗೇಟಿನ ಸದ್ದು. ಹೊರಟೇಬಿಟ್ಟ. ಕಿಟಕಿಯಿಂದ ಕೂಗಿದೆ. ನಿಂತ. ಎಲ್ಲರೂ ಈ ಕಡೆ ನೋಡುತ್ತಿದ್ದಾರೆ. ಗಾಜು ತೆಗೆದುಕೊಂಡು ಹೊರಟೆ, ಎಲ್ಲ ಹೇಳಲು.